ಲಕ್ಷದ್ವೀಪದ ಮೀನು ಎಣಿಸಿದವರು

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸೇರುವ ಹೊತ್ತಿಗೆ ಅದರ ಎರಡು ಭಾಗಗಳು ಕಳಚಿಕೊಂಡಿದ್ದವು. ಕಾಸರಗೋಡಿನ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಆ ನೋವು ಇನ್ನೂ ಪೂರ್ತಿ ಆರಿಲ್ಲ. ಇನ್ನೊಂದು ಭಾಗ ಕೈಬಿಟ್ಟದ್ದು ಬಹಳ ಮಂದಿಯ ಗಮನಕ್ಕೇ ಬರಲಿಲ್ಲ. ಅದು ಇದ್ದದ್ದು ಮಂಗಳೂರಿನಿಂದ ನೈಋತ್ಯಕ್ಕೆ ಸುಮಾರು 300 ಕಿಲೋಮೀಟರ್ ದೂರ, ಅರಬ್ಬೀ ಸಮುದ್ರದ ನಡುವೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ಹವಳ ದ್ವೀಪಗಳು ಅಲ್ಲಿಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಒಳಪಟ್ಟಿದ್ದವು. ಆ ದಿನ ಅವು ಮಲಬಾರಿನ ಕೈಕೆಳಗಿದ್ದ ಉಳಿದ ದ್ವೀಪಗಳ ಜೊತೆ ಸೇರಿ ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶವಾದವು. 1973ರಲ್ಲಿ ಆ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂತು.

ಈ ನಂಟು ಹಳೆಯದು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತ ಅಮಿನಿಯ ಜನ ಟಿಪ್ಪು ಸುಲ್ತಾನನ ಆಶ್ರಯ ಬೇಡಿದರು. ಐದು ದ್ವೀಪಗಳು ಮೈಸೂರಿನ ಪಾಲಾದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿ ಸರಕಾರ ಅವನ್ನು ಮಂಗಳೂರಿನಿಂದ ಆಳತೊಡಗಿತು. ದ್ವೀಪದವರು ತೆಂಗಿನ ನಾರಿನ ಹುರಿ ಹೊಸೆದು ಓಡಗಳಲ್ಲಿ ತುಂಬಿಕೊಂಡು ಮಂಗಳೂರಿನ ಬಂದರಿಗೆ ತರುತ್ತಿದ್ದರು. ಬದಲಿಗೆ ಅಕ್ಕಿ ಒಯ್ಯುತ್ತಿದ್ದರು. ಹುರಿಯ ವ್ಯಾಪಾರ ಸರಕಾರದ ಏಕಸ್ವಾಮ್ಯ, ದರವೂ ಸರಕಾರದ್ದೇ. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತ ಮಂಜಿಗಳು ಹೊರಡುತ್ತವೆ.

ಆಡಳಿತದ ಕಣ್ಣು ತೆಂಗು ಮತ್ತು ಹುರಿಯ ಮೇಲಿತ್ತು. ಆದರೆ ಈ ದ್ವೀಪಗಳ ನಿಜವಾದ ಸಂಪತ್ತು ನೀರಿನೊಳಗಿದೆ. 36 ದ್ವೀಪಗಳ ಒಟ್ಟು ನೆಲ ಬರಿಯ 32 ಚದರ ಕಿಲೋಮೀಟರ್. ಅವನ್ನು ಸುತ್ತುವರಿದ ಲಗೂನುಗಳ, ಅಂದರೆ ಹವಳದ ಗೋಡೆಯೊಳಗಿನ ಶಾಂತ ನೀರಿನ ವಿಸ್ತಾರ ಸುಮಾರು 4,200 ಚದರ ಕಿಲೋಮೀಟರ್. ಆ ನೀರಿನಲ್ಲಿ ಎಷ್ಟು ಬಗೆಯ ಮೀನುಗಳಿವೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರ ಕಥೆ ನೂರಿಪ್ಪತ್ತು ವರ್ಷಗಳಿಗಿಂತ ಉದ್ದದ್ದು. ಬಲೆ ಹಿಡಿದು ಹೋದವರಿಗೆ ಬಲೆಗೆ ಬೀಳುವ ಮೀನು ಸಿಕ್ಕಿತು, ಉಸಿರಿನ ಸಿಲಿಂಡರ್ ಹೊತ್ತು ಮುಳುಗಿದವರಿಗೆ ಕಣ್ಣಿಗೆ ಬೀಳುವ ಮೀನು ಸಿಕ್ಕಿತು. ಎಷ್ಟಿವೆ ಎಂಬುದಕ್ಕಿಂತ ಏನಾಗುತ್ತಿವೆ ಎಂಬ ಪ್ರಶ್ನೆ ದೊಡ್ಡದೆಂದು ಹೊಳೆದದ್ದು ಮಾತ್ರ ತೀರಾ ಈಚೆಗೆ, ಒಂದು ದೊಡ್ಡ ನಷ್ಟ ಆದ ಮೇಲೆ.

ಹವಳದ ಮೀನುಗಳ ಪಟ್ಟಿ ಮಾಡುವ ಕೆಲಸ ಶುರುವಾದದ್ದು ಇಲ್ಲಲ್ಲ, ಇಂಡೊನೇಷ್ಯಾದ ಅಂಬೊನ್ ದ್ವೀಪದಲ್ಲಿ. ಲವಂಗದ ಆಸೆಗೆ ಅಲ್ಲಿ ಬೀಡುಬಿಟ್ಟಿದ್ದ ಡಚ್ ಕಂಪನಿಯ ಸೇವೆಯಲ್ಲಿದ್ದ ಸ್ಯಾಮುಯೆಲ್ ಫಾಲೂರ್ಸ್ ಎಂಬ ಚಿತ್ರಕಾರ ಬಗೆಬಗೆಯ ಮೀನುಗಳನ್ನು ಬಿಡಿಸಿದ. ಲೂಯಿ ರೆನಾರ್ 1719ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೊರತಂದ ವರ್ಣಮಯ ಪುಸ್ತಕದಲ್ಲಿ ಅಂಥ 460 ಚಿತ್ರಗಳಿವೆ. ಅವುಗಳ ನಡುವೆ ಒಂದು ಮತ್ಸ್ಯಕನ್ಯೆಯೂ ಇದ್ದಾಳೆ! ಮೀನುಗಳ ಮೈಮೇಲೆ ಸೂರ್ಯ, ಚಂದ್ರ, ನಕ್ಷತ್ರ ಬಂದು ಕೂತಿವೆ. ಹಾಗೆಂದು ಇದನ್ನು ಕಟ್ಟುಕತೆ ಎಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಮೀನುತಜ್ಞ ಥಿಯೊಡೋರ್ ಪೀಟ್ಶ್ ಕೂತು ಪರಿಶೀಲಿಸಿದಾಗ ಹೆಚ್ಚಿನ ಚಿತ್ರಗಳ ಹಿಂದೆ ನಿಜವಾದ, ಇಂದಿಗೂ ಗುರುತಿಸಬಹುದಾದ ಮೀನುಗಳೇ ಇದ್ದವು. ಹವಳದ ಮೀನಿನ ಬಣ್ಣ ಕಂಡ ಯುರೋಪಿನ ಕಣ್ಣಿಗೆ ನಿಜ ಯಾವುದು, ಅತಿ ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಗಿದ್ದರೆ ಆಶ್ಚರ್ಯವಿಲ್ಲ.

ಆ ಗೊಂದಲವನ್ನು ತಿಳಿ ಮಾಡಿದವನು ಪೀಟರ್ ಬ್ಲೀಕರ್. 1842ರಲ್ಲಿ ಡಚ್ ಸೇನೆಯ ವೈದ್ಯನಾಗಿ ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಾಕ್ಕೆ ಬಂದ. 1860ರವರೆಗೆ ಅಲ್ಲಿದ್ದ. ಮೀನು ಮಾರುಕಟ್ಟೆಯೇ ಅವನ ಪ್ರಯೋಗಶಾಲೆ. ದೂರದ ದ್ವೀಪಗಳಲ್ಲಿದ್ದ ಸಹೋದ್ಯೋಗಿಗಳು ಅರಾಕಿನಲ್ಲಿ ಅದ್ದಿದ ಮೀನುಗಳನ್ನು ಜಾಡಿಗಟ್ಟಲೆ ಕಳಿಸುತ್ತಿದ್ದರು. ಹೀಗೆ ಕೂಡಿದ ಮಾದರಿಗಳು 12,000. ಅವನ್ನು ಕುರಿತು ಅವನು ಬರೆದ ಲೇಖನಗಳು ಐನೂರಕ್ಕೂ ಹೆಚ್ಚು. ಅಂಬೊನ್ ಒಂದರಲ್ಲೇ ಬ್ಲೀಕರ್ 780 ಬಗೆಯ ಮೀನುಗಳನ್ನು ದಾಖಲಿಸಿದ್ದನ್ನು ಆಲ್‌ಫ್ರೆಡ್ ರಸೆಲ್ ವ್ಯಾಲೆಸ್ ತನ್ನ ಪ್ರವಾಸ ಗ್ರಂಥದಲ್ಲಿ ಬೆರಗಿನಿಂದ ಹೇಳಿಕೊಂಡಿದ್ದಾನೆ. ಇಡೀ ಯುರೋಪಿನ ಕಡಲು ಮತ್ತು ನದಿಗಳ ಮೀನೆಲ್ಲ ಸೇರಿದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತಂತೆ. ಒಂದು ಪುಟ್ಟ ದ್ವೀಪದ ಸುತ್ತಲಿನ ನೀರು ಒಂದು ಖಂಡಕ್ಕೆ ಸಮ ಎಂಬ ಸಂಗತಿ ಆಗಿನ ವಿಜ್ಞಾನಕ್ಕೆ ಹೊಸದು.

ನಮ್ಮ ಕಡಲಿನಲ್ಲಿ ಮೀನಿಗಿಂತ ಮೊದಲು ದಾಖಲೆಗೆ ಬಂದದ್ದು ಹವಳದ ದಿಬ್ಬವೇ. ಹಡಗುಗಳು ದಿಬ್ಬಕ್ಕೆ ಬಡಿದು ಒಡೆಯುತ್ತಿದ್ದ ಕಾರಣ ಬ್ರಿಟಿಷರಿಗೆ ನಕಾಶೆ ಬೇಕಿತ್ತು. ರಾಬರ್ಟ್ ಮೋರ್ಸ್‌ಬಿ ಮಾಲ್ಡೀವ್ಸ್ ಮತ್ತು ಲಕ್ಷದ್ವೀಪದ ದಿಬ್ಬಗಳನ್ನು ಅಳೆದು ನಕಾಶೆ ಬರೆದ. ಉಂಗುರದ ಆಕಾರದ ದ್ವೀಪಗಳು ಹುಟ್ಟುವ ಬಗೆಯನ್ನು ವಿವರಿಸಿ ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಬರೆದ ಪುಸ್ತಕಕ್ಕೆ ಮೋರ್ಸ್‌ಬಿಯ ಮಾಹಿತಿ ಒಂದು ಮುಖ್ಯ ಆಧಾರ. ಮುಂದೆ ಫ್ರಾನ್ಸಿಸ್ ಡೇ 1875ರಿಂದ 1878ರ ನಡುವೆ ಭಾರತದ ಮೀನುಗಳ ಬೃಹತ್ ಗ್ರಂಥ ಹೊರತಂದ. ನಮ್ಮ ಕರಾವಳಿಯ ಮೀನುಗಳನ್ನು ಗುರುತಿಸುವವರು ಇವತ್ತಿಗೂ ಅದನ್ನು ತೆರೆಯುತ್ತಾರೆ. ಆದರೆ ಡೇ ಕೂಡ ಮುಖ್ಯವಾಗಿ ದಡದ ಮನುಷ್ಯ. ಮಾರುಕಟ್ಟೆಗೆ ಬಂದದ್ದು, ನದಿಯಲ್ಲಿ ಸಿಕ್ಕಿದ್ದು ಅವನ ಕೈಗೆ ಬಂತು. ಹವಳದ ಸಂದಿಯಲ್ಲಿ ಬೆರಳುದ್ದದ ಮೀನುಗಳು ಅಡಗಿ ಕೂತಿದ್ದರೆ ಅವು ಯಾವ ಮಾರುಕಟ್ಟೆಗೂ ಬರುವುದಿಲ್ಲ.

ಇನ್ವೆಸ್ಟಿಗೇಟರ್ ಎಂಬ ಉಗಿಹಡಗಿನಲ್ಲಿ 1888ರಿಂದ 1892ರವರೆಗೆ ವೈದ್ಯ ಮತ್ತು ಜೀವವಿಜ್ಞಾನಿಯಾಗಿ ಓಡಾಡಿದ ಆಲ್‌ಫ್ರೆಡ್ ಆಲ್ಕಾಕ್ ಲಕ್ಷದ್ವೀಪದ ಕಡಲನ್ನೂ ಕಂಡವನು. ಅವನ ಹಡಗು ಆಳದ ತಳಕ್ಕೆ ಬಲೆ ಇಳಿಸಿ ಎಳೆಯುತ್ತಿತ್ತು. ಕೆಸರಿನ ತಳದಲ್ಲಿ ಅದು ಚೆನ್ನಾಗಿ ನಡೆಯುವ ಉಪಾಯ. ಹವಳದ ಮೇಲೆ ಎಳೆದರೆ ಬಲೆ ಸಿಕ್ಕಿಕೊಂಡು ಹರಿಯುತ್ತದೆ, ಹವಳವೂ ಮುರಿಯುತ್ತದೆ. ಹೀಗಾಗಿ ಸೂರ್ಯನ ಬೆಳಕೇ ತಾಗದ ಆಳದ ಮೀನುಗಳು ವಿಜ್ಞಾನಕ್ಕೆ ಪರಿಚಯವಾದವು. ಮೊಣಕಾಲುದ್ದದ ನೀರಿನಲ್ಲಿ ದ್ವೀಪದ ಮಕ್ಕಳು ದಿನವೂ ನೋಡುತ್ತಿದ್ದ ಮೀನುಗಳು ಕಾಯುತ್ತ ಉಳಿದವು.

1899ರಲ್ಲಿ ಕೇಂಬ್ರಿಡ್ಜಿನ ಜಾನ್ ಸ್ಟ್ಯಾನ್ಲಿ ಗಾರ್ಡಿನರ್ ಮಿನಿಕಾಯ್‌ಗೆ ಬಂದಿಳಿದ. ಅಲ್ಲಿಂದ ಮಾಲ್ಡೀವ್ಸ್‌ಗೆ ಹೋದ. ಆ ಪ್ರವಾಸದ ಫಲವಾದ ಎರಡು ದಪ್ಪ ಸಂಪುಟಗಳು 1901ರಿಂದ 1906ರ ನಡುವೆ ಕಂತುಕಂತಾಗಿ ಅಚ್ಚಾದವು. ಹವಳ, ಏಡಿ, ಹುಳ, ಮೀನು, ಪ್ರತಿಯೊಂದಕ್ಕೂ ಒಬ್ಬೊಬ್ಬ ತಜ್ಞ ಬರೆದ. ಈ ದ್ವೀಪಸಾಲನ್ನು ಒಂದು ಜೀವಿಲೋಕವಾಗಿ ನೋಡಿದ ಮೊದಲ ದೊಡ್ಡ ಪ್ರಯತ್ನ ಇದೇ. ಮದರಾಸು ಸರಕಾರದ ಮೀನುಗಾರಿಕೆ ವಿಭಾಗ ಸೇರಿದ ಜೇಮ್ಸ್ ಹಾರ್ನೆಲ್ 1908ರಲ್ಲಿ ಮಲಬಾರ್ ಕರಾವಳಿ ಮತ್ತು ಈ ದ್ವೀಪಗಳ ಸುತ್ತ ಪ್ರವಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದ. ದೋಣಿ, ಬಲೆ, ಗಾಳಗಳ ಬಗ್ಗೆ ಹಾರ್ನೆಲ್‌ನಷ್ಟು ಪ್ರೀತಿಯಿಂದ ಬರೆದ ಅಧಿಕಾರಿ ನಮ್ಮ ಕರಾವಳಿಗೆ ಇನ್ನೊಬ್ಬ ಸಿಗಲಿಲ್ಲ.

ಇವರೆಲ್ಲ ಬಂದು ಹೋದವರು. ಅಲ್ಲೇ ಕೂತು ಎಣಿಸುವ ಕೆಲಸ ನಡೆದದ್ದು ಸ್ವಾತಂತ್ರ್ಯ ಬಂದ ಮೇಲೆ, ಅದೂ ಮಿನಿಕಾಯ್‌ನಲ್ಲಿ, ಅದೂ ಒಂದು ಹೊಟ್ಟೆಪಾಡಿನ ಕಾರಣಕ್ಕೆ.

ಮಿನಿಕಾಯ್ ಲಕ್ಷದ್ವೀಪದ ದಕ್ಷಿಣ ತುದಿ. ಭಾಷೆ, ಊಟ, ಉಡುಗೆ ಎಲ್ಲವೂ ಮಾಲ್ಡೀವ್ಸ್‌ಗೆ ಹತ್ತಿರ. ಅಲ್ಲಿಯವರು ಶತಮಾನಗಳಿಂದ ಟ್ಯೂನಾ ಹಿಡಿಯುವುದು ಬಲೆಯಿಂದಲ್ಲ, ಗಾಳದ ಕೋಲಿನಿಂದ. ಬೆಳಗ್ಗೆ ಮೊದಲು ಲಗೂನಿನಲ್ಲಿ ಸಣ್ಣ ಮೀನುಗಳನ್ನು ಎತ್ತುಬಲೆಯಿಂದ ಹಿಡಿಯುತ್ತಾರೆ. ದೋಣಿಯ ತಳದಲ್ಲೊಂದು ಗೂಡು. ಅದರಲ್ಲಿ ತೂತುಗಳ ಮೂಲಕ ಸಮುದ್ರದ ನೀರು ಹರಿದಾಡುತ್ತದೆ. ಅಲ್ಲಿ ಸಣ್ಣ ಮೀನುಗಳು ಜೀವಂತವಾಗಿರುತ್ತವೆ. ಹೊರಕಡಲಿನಲ್ಲಿ ಟ್ಯೂನಾದ ಹಿಂಡು ಕಂಡೊಡನೆ ಒಬ್ಬ ಆ ಜೀವಂತ ಮೀನುಗಳನ್ನು ಹಿಡಿಹಿಡಿಯಾಗಿ ನೀರಿಗೆ ಎರಚುತ್ತಾನೆ. ಜೊತೆಗೆ ನೀರು ಚಿಮುಕಿಸುತ್ತಾರೆ. ಟ್ಯೂನಾ ಹುಚ್ಚೆದ್ದು ಮೇಲೆ ಬರುತ್ತದೆ. ದೋಣಿಯ ಹಿಂಬದಿಯಲ್ಲಿ ಸಾಲಾಗಿ ನಿಂತವರು ಮುಳ್ಳಿಲ್ಲದ ಗಾಳದ ಕೋಲು ಬೀಸುತ್ತಾರೆ. ಮೀನು ಒಂದಾದ ಮೇಲೊಂದು ದೋಣಿಯೊಳಕ್ಕೆ ಬೀಳುತ್ತದೆ. ಹಿಡಿದ ಟ್ಯೂನಾವನ್ನು ಬೇಯಿಸಿ, ಹೊಗೆ ಕೊಟ್ಟು, ಬಿಸಿಲಿಗೆ ಒಣಗಿಸಿದರೆ ಮಾಸ್. ಕಲ್ಲಿನಷ್ಟು ಗಟ್ಟಿಯಾಗುವ ಈ ಮಾಸ್ ತಿಂಗಳುಗಟ್ಟಲೆ ಕೆಡುವುದಿಲ್ಲ.

ಇಲ್ಲಿ ಸಣ್ಣ ಮೀನಿಲ್ಲದಿದ್ದರೆ ದೊಡ್ಡ ಮೀನಿಲ್ಲ. ಆದ್ದರಿಂದ ಮಿನಿಕಾಯ್‌ನ ಮೀನುಗಾರರು ಲಗೂನಿನ ಸಣ್ಣ ಮೀನುಗಳನ್ನು ಹೆಸರಿಟ್ಟು ಬಲ್ಲವರು. ಹೊಂಡೆಲಿ, ರೆಹಿ, ಬೋಧಿ, ಮುಗುರಾನ್, ನೀಲಮಹಿ. ಹೊಂಡೆಲಿ ಮರಳಿನ ಮೇಲಿನ ತಿಳಿನೀರಿನದು. ಬೋಧಿ, ನೀಲಮಹಿ ಕವಲೊಡೆದ ಹವಳದ ಆಸರೆ ಬಿಟ್ಟು ಹೋಗದವು. ಯಾವುದು ಯಾವ ಕಾಲಕ್ಕೆ ಎಲ್ಲಿ ಸಿಗುತ್ತದೆ, ಯಾವುದು ಗೂಡಿನಲ್ಲಿ ಬದುಕುತ್ತದೆ, ಯಾವುದು ಬೇಗ ಸಾಯುತ್ತದೆ, ಯಾವುದಕ್ಕೆ ಟ್ಯೂನಾ ಬೇಗ ಒಲಿಯುತ್ತದೆ ಎಂಬ ತಿಳಿವಳಿಕೆ ತಂದೆಯಿಂದ ಮಗನಿಗೆ ದಾಟುತ್ತ ಬಂದಿತ್ತು. ಹವಳದ ಮೀನುಗಳ ಮೊದಲ ಸಮೀಕ್ಷೆ ಯಾರದು ಎಂದು ಕೇಳಿದರೆ ಈ ಲೇಖಕನ ಉತ್ತರ ಇದೇ: ಗಾರ್ಡಿನರ್‌ನದಲ್ಲ, ಎತ್ತುಬಲೆ ಹಿಡಿದ ಈ ಮೀನುಗಾರರದು. ಅವರ ಸಮೀಕ್ಷೆ ಕಾಗದಕ್ಕೆ ಬಂದಿರಲಿಲ್ಲ, ಅಷ್ಟೆ.

ಅದನ್ನು ಕಾಗದಕ್ಕೆ ತಂದವರು ಸಂತಪ್ಪನ್ ಜೋನ್ಸ್. 1947ರಲ್ಲಿ ಆರಂಭವಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯನ್ನು ಅವರು 1957ರಿಂದ 1970ರವರೆಗೆ ಮುನ್ನಡೆಸಿದರು. ದೊಡ್ಡ ಸಂಸ್ಥೆಯ ಮುಖ್ಯಸ್ಥ ಬೆರಳುದ್ದದ ಮೀನುಗಳ ಹಿಂದೆ ಬಿದ್ದದ್ದು ಸಣ್ಣ ಮಾತಲ್ಲ. 1958ರಲ್ಲಿ ಅವರು ಮಿನಿಕಾಯ್‌ನ ಎರೆಮೀನುಗಳ, ಅಂದರೆ ಟ್ಯೂನಾಕ್ಕೆ ಎರಚುವ ಆ ಸಣ್ಣ ಮೀನುಗಳ ಬಗ್ಗೆ ಬರೆದರು. ಮುಂದೆ ಅವೇ ಮೀನುಗಳು ಉತ್ತರದ ದ್ವೀಪಗಳಲ್ಲೂ ಇವೆಯೇ ಎಂದು ಹುಡುಕಿದರು. ಈ ಹುಡುಕಾಟದ ಹಿಂದೆ ಜನರ ಬದುಕಿನ ಪ್ರಶ್ನೆ ಇತ್ತು. ಟ್ಯೂನಾ ಎಲ್ಲ ದ್ವೀಪಗಳ ಸುತ್ತಲೂ ಇದೆ, ಹಿಡಿಯುವ ವಿದ್ಯೆ ಮಾತ್ರ ಮಿನಿಕಾಯ್‌ನಲ್ಲಿದೆ. ಎರೆಮೀನು ಸಿಗುವುದಾದರೆ ಆ ವಿದ್ಯೆಯನ್ನು ಅಗತ್ತಿ, ಕವರತ್ತಿ, ಅಮಿನಿಗಳಿಗೂ ಕಲಿಸಬಹುದು. 1960ರ ದಶಕದಲ್ಲಿ ಯಂತ್ರದ ದೋಣಿಗಳ ಜೊತೆ ಅದು ಹಾಗೆಯೇ ಹರಡಿತು. ತೆಂಗಿನ ಹುರಿಯನ್ನೇ ನೆಚ್ಚಿಕೊಂಡಿದ್ದ ದ್ವೀಪಗಳಿಗೆ ಹೊಸ ದುಡಿಮೆ ಸಿಕ್ಕಿತು.

ಜೋನ್ಸ್ ಅಷ್ಟಕ್ಕೆ ನಿಲ್ಲಲಿಲ್ಲ. ಎರೆಮೀನಿನ ಬಲೆಯಲ್ಲಿ ಜೊತೆಗೆ ಬಂದದ್ದು, ಇಳಿತದ ಹೊತ್ತಿನಲ್ಲಿ ದಿಬ್ಬದ ಗುಂಡಿಗಳಲ್ಲಿ ಉಳಿದದ್ದು, ಗಾಳಕ್ಕೆ ಸಿಕ್ಕಿದ್ದು, ಎಲ್ಲವನ್ನೂ ಅವರ ತಂಡ ಕೂಡಿಡುತ್ತ ಹೋಯಿತು. ಟ್ಯೂನಾದ ಹೊಟ್ಟೆ ಸೀಳಿದರೂ ಅದರೊಳಗೆ ಹವಳದ ಮೀನಿನ ಮರಿಗಳು ಸಿಗುತ್ತಿದ್ದವು! ಎಂ. ಕುಮಾರನ್ ಅವರ ಜೊತೆ ಸೇರಿ ಜೋನ್ಸ್ ಬರೆದ ಲಕ್ಷದ್ವೀಪದ ಮೀನುಗಳ ಗ್ರಂಥ 1980ರಲ್ಲಿ ತಿರುವನಂತಪುರದಿಂದ ಹೊರಬಂತು. ಅದರಲ್ಲಿ 603 ಪ್ರಭೇದಗಳಿವೆ. ಒಂದೊಂದಕ್ಕೂ ಚಿತ್ರ, ಅಳತೆ, ಗುರುತು. ಆ ಮೇಲೆ ಲಕ್ಷದ್ವೀಪದ ಮೀನು ಎಣಿಸಿದವರೆಲ್ಲ ಈ 603 ಎಂಬ ಅಂಕಿಯಿಂದಲೇ ಲೆಕ್ಕ ಶುರು ಮಾಡಿದ್ದಾರೆ.

ಇಂಥ ಪುಸ್ತಕ ಬರೆಯುವ ಕಷ್ಟ ಎಂಥದು ಎಂದು ತಿಳಿಯಲು ಗಿಳಿಮೀನಿನ ಪ್ರಸಂಗ ಒಂದೇ ಸಾಕು. ಗಿಳಿಯ ಕೊಕ್ಕಿನಂಥ ಹಲ್ಲಿರುವ ಈ ಮೀನು ಸತ್ತ ಹವಳದ ಮೇಲಿನ ಪಾಚಿಯನ್ನು ಕಲ್ಲಿನ ಸಮೇತ ಕೆರೆದು ತಿನ್ನುತ್ತದೆ. ಅದು ಹೊರಹಾಕುವ ಪುಡಿಯೇ ದ್ವೀಪದ ಬಿಳಿ ಮರಳಿನ ಒಂದು ಪಾಲು. ಮರಿಗೊಂದು ಬಣ್ಣ, ಹೆಣ್ಣಿಗೊಂದು ಬಣ್ಣ; ಅನೇಕ ಗಿಳಿಮೀನುಗಳಲ್ಲಿ ಹೆಣ್ಣು ಬೆಳೆದು ಗಂಡಾಗುತ್ತದೆ, ಆಗ ಮತ್ತೊಂದು ಬಣ್ಣ. ಫಾರ್ಮಲಿನ್ ಜಾಡಿಗೆ ಹಾಕಿದರೆ ಎಲ್ಲ ಬಣ್ಣವೂ ಹೋಗಿ ಬೂದು. ಒಂದೇ ಮೀನಿನ ಗಂಡು, ಹೆಣ್ಣು, ಮರಿಗೆ ಬೇರೆಬೇರೆ ಹೆಸರು ಕೊಟ್ಟವರು ಬ್ಲೀಕರ್‌ನ ಕಾಲದಿಂದಲೂ ಇದ್ದರು. ಇವತ್ತು ನೂರರಷ್ಟು ಪ್ರಭೇದಗಳೆಂದು ಒಪ್ಪಿರುವ ಈ ಗುಂಪಿಗೆ ಹಿಂದೆ ಅದರ ಎಷ್ಟೋ ಪಟ್ಟು ಹೆಸರುಗಳಿದ್ದವು. ಅದನ್ನೆಲ್ಲ ಬಿಡಿಸಲು ಮೀನನ್ನು ಜೀವಂತವಾಗಿ, ಅದರ ಮನೆಯಲ್ಲೇ ನೋಡಬೇಕಾಯಿತು. ಹವಾಯಿಯಲ್ಲಿ ನೆಲೆಸಿದ್ದ ಜಾನ್ ರಾಂಡಲ್ ನೀರೊಳಗೆ ನೋಡಿ, ಹಿಡಿದು, ಬಣ್ಣ ಮಾಸುವ ಮೊದಲೇ ಫೋಟೊ ತೆಗೆದು ಈ ಸಿಕ್ಕು ಬಿಡಿಸಿದವರಲ್ಲಿ ಮುಖ್ಯರು. 2020ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಎಂಟುನೂರಕ್ಕೂ ಹೆಚ್ಚು ಹೊಸ ಪ್ರಭೇದಗಳನ್ನು ವಿವರಿಸಿದ್ದರು.

ನೀರೊಳಗೆ ಎಣಿಸುವ ವಿದ್ಯೆಯೂ ಹವಾಯಿಯಲ್ಲೇ ಹುಟ್ಟಿತು. ಜಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾ 1943ರಲ್ಲಿ ಉಸಿರಾಟದ ಉಪಕರಣ ರೂಪಿಸಿದ ಮೇಲೆ ಮನುಷ್ಯ ಮೀನಿನ ನಡುವೆ ನಿಧಾನವಾಗಿ ಈಜುವುದು ಸಾಧ್ಯವಾಗಿತ್ತು. ಹವಾಯಿಯ ವರ್ನನ್ ಬ್ರಾಕ್ 1954ರಲ್ಲಿ ಪ್ರಕಟಿಸಿದ ಲೇಖನದ ಉಪಾಯ ಬಹಳ ಸರಳ. ತಳದ ಮೇಲೆ ಒಂದು ಹಗ್ಗ ಎಳೆ. ಅದರ ಗುಂಟ ಈಜು. ಎರಡೂ ಬದಿಗೆ ನಿಗದಿ ಮಾಡಿದ ದೂರದೊಳಗೆ ಕಂಡ ಮೀನನ್ನು ಮಾತ್ರ ಎಣಿಸು, ಅಳತೆ ಅಂದಾಜು ಮಾಡು, ಬರೆದುಕೊ. ಮೀನನ್ನು ಕೊಲ್ಲಬೇಕಿಲ್ಲ. ಮುಖ್ಯವಾದ ಲಾಭ ಬೇರೆಯೇ ಇದೆ: ನಾಳೆ, ಮುಂದಿನ ವರ್ಷ, ಮೂವತ್ತು ವರ್ಷ ಕಳೆದು ಅದೇ ಜಾಗಕ್ಕೆ ಬಂದು ಮತ್ತೆ ಎಣಿಸಬಹುದು. ಮಾದರಿಗಾಗಿ ವಿಷ ಹಾಕಿ ಮೀನು ಸಂಗ್ರಹಿಸಿದ ಜಾಗದಲ್ಲಿ ಮರುದಿನ ಎಣಿಸಲು ಏನೂ ಉಳಿದಿರುವುದಿಲ್ಲ.

ಸರಳ ಎಂದ ಮಾತ್ರಕ್ಕೆ ಸುಲಭವಲ್ಲ. ನೀರಿನಲ್ಲಿ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಕಾಲುಭಾಗದಷ್ಟು ಹತ್ತಿರವಾಗಿ ಕಾಣುತ್ತದೆ. ಹೊಸಬರು ಎಲ್ಲ ಮೀನನ್ನೂ ಉಬ್ಬಿಸಿಯೇ ಬರೆಯುತ್ತಾರೆ. ಗೊತ್ತಾದ ಉದ್ದದ ಪಿವಿಸಿ ಪೈಪಿನ ತುಂಡುಗಳನ್ನು ನೀರಿನಲ್ಲಿ ನೋಡಿ ನೋಡಿ ಕಣ್ಣು ಪಳಗಿಸಬೇಕು. ಟೇಪು ಎಳೆದ ಮೇಲೆ ಬೆದರಿದ ಮೀನು ಮರಳುವವರೆಗೆ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಸಾಮಾನ್ಯವಾಗಿ 50 ಮೀಟರ್ ಉದ್ದ, 5 ಮೀಟರ್ ಅಗಲದ ಪಟ್ಟಿ. ಮೊದಲ ಸುತ್ತಿನಲ್ಲಿ ಓಡಾಡುವ ದೊಡ್ಡ ಮೀನು, ಎರಡನೆಯ ಸುತ್ತಿನಲ್ಲಿ ಹವಳಕ್ಕೆ ಅಂಟಿಕೊಂಡಿರುವ ಪುಟ್ಟ ಮೀನು. ಬರೆಯುವುದು ಪ್ಲಾಸ್ಟಿಕ್ ಸ್ಲೇಟಿನ ಮೇಲೆ, ಪೆನ್ಸಿಲಿನಲ್ಲಿ. ಸಿಲಿಂಡರಿನ ಗಾಳಿ ಮುಗಿಯುವುದರೊಳಗೆ ನೂರಾರು ಪ್ರಭೇದಗಳಲ್ಲಿ ಎದುರಿಗೆ ಬಂದದ್ದು ಯಾವುದು ಎಂದು ಒಂದೇ ನೋಟಕ್ಕೆ ಹೇಳಬೇಕು. ಯಕ್ಷಗಾನದ ಹಳೆಯ ಪ್ರೇಕ್ಷಕ ವೇಷ ರಂಗಕ್ಕೆ ಕಾಲಿಡುವ ಮೊದಲೇ ಚೆಂಡೆಯ ಪೆಟ್ಟಿನಿಂದ ಪಾತ್ರ ಗುರುತಿಸುವಂತೆ, ಪಳಗಿದ ಎಣಿಕೆಗಾರ ಈಜುವ ರೀತಿಯಿಂದಲೇ ಮೀನಿನ ಹೆಸರು ಹೇಳುತ್ತಾನೆ. 1994ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಉಷ್ಣವಲಯದ ಸಮುದ್ರ ಸಮೀಕ್ಷೆಯ ಕೈಪಿಡಿಯೊಂದು ಈ ಕ್ರಮಗಳನ್ನೆಲ್ಲ ಒಂದೆಡೆ ತಂದು ಹಲವು ದೇಶಗಳ ಎಣಿಕೆಯನ್ನು ಹೋಲಿಸಬಹುದಾದಂತೆ ಮಾಡಿತು.

ಲಕ್ಷದ್ವೀಪದಲ್ಲಿ ಈ ವಿದ್ಯೆಯ ಬೆಲೆ ತಿಳಿದದ್ದು 1998ರಲ್ಲಿ.

ಆ ವರ್ಷ ಎಲ್ ನಿನೊ ಸಮುದ್ರವನ್ನು ಕಾಯಿಸಿತು. ನೀರು ವಾರಗಟ್ಟಲೆ ರೂಢಿಗಿಂತ ಬಿಸಿಯಾದರೆ ಹವಳದ ಜೀವಿ ತನ್ನೊಳಗೆ ವಾಸಿಸುವ, ತನಗೆ ಅನ್ನವಿಕ್ಕುವ ಸೂಕ್ಷ್ಮ ಪಾಚಿಯನ್ನು ಹೊರದಬ್ಬುತ್ತದೆ. ಬಣ್ಣ ಹೋಗಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿದು ಸಾಯುತ್ತದೆ. ಆ ಒಂದು ವರ್ಷದಲ್ಲಿ ಜಗತ್ತಿನ ಹವಳ ದಿಬ್ಬಗಳ ಸುಮಾರು ಶೇಕಡ 16ರಷ್ಟು ನಾಶವಾಯಿತೆಂದು ಅಂದಾಜು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ರೋಹನ್ ಆರ್ಥರ್ ಕಚ್ಛ್, ಮನ್ನಾರ್ ಕೊಲ್ಲಿ ಮತ್ತು ಲಕ್ಷದ್ವೀಪಗಳಲ್ಲಿ ಮುಳುಗಿ ನೋಡಿದರು. 2000ದಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಲಕ್ಷದ್ವೀಪದಲ್ಲಿ ಶೇಕಡ 82ರಷ್ಟು ಹವಳ ಬಿಳಿಚಿಕೊಂಡಿತ್ತು; ಶೇಕಡ 26ರಷ್ಟು ಆಗಲೇ ಸತ್ತಿತ್ತು.

ಮುಂಚಿನ ಎಣಿಕೆ ಎಲ್ಲಿದೆ ಎಂದು ತಿರುಗಿ ನೋಡಿದರೆ ಕೈಗೆ ಸಿಕ್ಕಿದ್ದು ಪ್ರಭೇದಗಳ ಪಟ್ಟಿ. 603 ಬಗೆ ಇದ್ದವು, ಸರಿ. ಒಂದು ನಿರ್ದಿಷ್ಟ ದಿಬ್ಬದ ಮೇಲೆ ಎಷ್ಟು ಚಿಟ್ಟೆಮೀನು, ಎಷ್ಟು ಗಿಳಿಮೀನು, ಎಷ್ಟು ಮುರು (ಗ್ರೂಪರ್) ಮೀನು ಇದ್ದವು ಎಂದು ಪಟ್ಟಿ ಹೇಳುವುದಿಲ್ಲ. ಜೋನ್ಸ್ ಮತ್ತು ಕುಮಾರನ್ ಅವರ ಕೆಲಸದ ಹಿರಿಮೆ ಇದರಿಂದ ಕುಗ್ಗುವುದಿಲ್ಲ. ಹೆಸರೇ ಇಲ್ಲದ ಮೀನನ್ನು ಎಣಿಸುವುದಾದರೂ ಹೇಗೆ? ಆದರೆ ಹೆಸರಿಟ್ಟ ಮೇಲೆ ಮಾಡಬೇಕಿದ್ದ ಮುಂದಿನ ಕೆಲಸ ಸುಮಾರು ಇಪ್ಪತ್ತು ವರ್ಷ ಬಾಕಿ ಉಳಿದಿತ್ತು. ಆರ್ಥರ್ ಅವರ ತಂಡ ಅಗತ್ತಿ, ಕಡಮತ್, ಕವರತ್ತಿಗಳ ದಿಬ್ಬಗಳಿಗೆ ಮತ್ತೆ ಮತ್ತೆ ಹೋಗಿ ಅಳೆಯತೊಡಗಿತು. 2010ರಲ್ಲಿ ಮತ್ತೆ ಬಿಸಿ, 2016ರಲ್ಲಿ ಮತ್ತೆ. 1998ರಿಂದ 2022ರವರೆಗಿನ ಇಪ್ಪತ್ನಾಲ್ಕು ವರ್ಷಗಳ ಮಾಹಿತಿ ಒಟ್ಟುಗೂಡಿಸಿದಾಗ ಕಂಡದ್ದು ಎದೆ ಭಾರವಾಗುವ ಚಿತ್ರ: ಸುಮಾರು ಶೇಕಡ 37ರಷ್ಟಿದ್ದ ಜೀವಂತ ಹವಳದ ಹೊದಿಕೆ ಶೇಕಡ 20ಕ್ಕಿಂತ ಕೆಳಗೆ ಇಳಿದಿತ್ತು. ಎರಡು ಬಿಸಿಗಳ ನಡುವೆ ಸುಧಾರಿಸಿಕೊಳ್ಳಲು ಸಾಕಷ್ಟು ವರ್ಷ ಸಿಕ್ಕಲ್ಲಿ ಹವಳ ಮರಳಿ ಬೆಳೆಯುತ್ತಿತ್ತು. ಆ ಬಿಡುವೇ ಈಗ ಕಡಿಮೆಯಾಗುತ್ತಿದೆ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳ ಮತ್ತೊಮ್ಮೆ ಬಿಳಿಚಿಕೊಂಡಿತು.

ಹವಳ ಸತ್ತಾಗ ಎಲ್ಲ ಮೀನಿಗೂ ಒಂದೇ ಗತಿ ಬರುವುದಿಲ್ಲ. ಹವಳವನ್ನೇ ತಿನ್ನುವ ಚಿಟ್ಟೆಮೀನುಗಳು ಮೊದಲು ಕಾಣೆಯಾಗುತ್ತವೆ. ಸತ್ತ ಹವಳದ ಮೇಲೆ ಪಾಚಿ ಹಬ್ಬುವುದರಿಂದ ಅದನ್ನು ಮೇಯುವ ಗಿಳಿಮೀನು, ಸರ್ಜನ್ ಮೀನುಗಳಿಗೆ ಕೆಲವು ಕಾಲ ಸುಗ್ಗಿ. ಅವು ಪಾಚಿ ಮೇಯ್ದು ಕಲ್ಲನ್ನು ಚೊಕ್ಕಟ ಇಟ್ಟರೆ ಮಾತ್ರ ಹವಳದ ಹೊಸ ಮರಿ ಬಂದು ಕೂರಲು ಜಾಗ ಸಿಗುತ್ತದೆ. ಮುರು ಮೀನಿನ ಲೆಕ್ಕ ಇನ್ನೊಂದು ಬಗೆಯದು. ಇದೇ ತಂಡದ ರುಚಾ ಕರ್ಕರೆ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆಚ್ಚು ಕಾಲ ಬದುಕುವ ಮುರು ಮೀನುಗಳಿಗೆ ಅಲುಗಾಡದೆ ನಿಂತ, ಗುಹೆ ಸಂದಿಗಳು ಕುಸಿಯದ ದಿಬ್ಬವೇ ಬೇಕು. ಬಿತ್ರದ ಬಳಿ ಒಂದು ಜಾತಿಯ ಮುರು ಮೀನು ಮೊಟ್ಟೆಯಿಡಲು ಬಹುದೊಡ್ಡ ಸಂಖ್ಯೆಯಲ್ಲಿ ಸೇರುವ ಜಾಗವನ್ನೂ ಇವರೇ ಅಧ್ಯಯನ ಮಾಡಿದ್ದಾರೆ. ಅಂಥ ಜಾತ್ರೆಗಳು ಜಗತ್ತಿನ ಅನೇಕ ಕಡೆ ಬಲೆಗೆ ಬಿದ್ದು ಮುಗಿದುಹೋಗಿವೆ. ಒಂದು ಕಾಲದ ದಕ್ಷಿಣ ಕನ್ನಡ ಜಿಲ್ಲೆಯ ಅತಿ ಪುಟ್ಟ ದ್ವೀಪಗಳಲ್ಲೊಂದಾದ ಬಿತ್ರದ ಬಳಿ ಅದು ಉಳಿದದ್ದು ಅದೃಷ್ಟ ಮಾತ್ರವಲ್ಲ.

ಅದಕ್ಕೆ ಕಾರಣ ಮತ್ತೆ ಅದೇ ಟ್ಯೂನಾ. ದ್ವೀಪದವರು ಹೊಟ್ಟೆಗೂ ಮಾರಾಟಕ್ಕೂ ಹೊರಕಡಲಿನ ಟ್ಯೂನಾವನ್ನು ನೆಚ್ಚಿದ್ದರಿಂದ ದಿಬ್ಬದ ಮೀನುಗಳ ಮೇಲೆ ಒತ್ತಡ ಬೀಳಲಿಲ್ಲ. ಪಾಚಿ ಮೇಯುವ ಮೀನುಗಳು ಉಳಿದವು. ಅವು ಉಳಿದದ್ದರಿಂದ 1998ರ ನಂತರ ಹವಳ ಮರಳಲು ನೆರವಾಯಿತು. ಜೋನ್ಸ್ ಎರೆಮೀನು ಹುಡುಕಿ ಟ್ಯೂನಾ ಹಿಡಿಯುವ ವಿದ್ಯೆ ಹರಡಲು ದಾರಿ ಮಾಡಿದ್ದು ದಿಬ್ಬ ಉಳಿಸಬೇಕೆಂದಲ್ಲ, ಜನರಿಗೆ ಕೆಲಸ ಸಿಗಲೆಂದು. ಅದರಿಂದ ದಿಬ್ಬವೂ ಉಳಿಯಿತು. ಈಚಿನ ವರ್ಷಗಳಲ್ಲಿ ದಿಬ್ಬದ ಮೀನಿಗೂ ಹೊರಗಿನ ಮಾರುಕಟ್ಟೆ ತೆರೆದಿದೆ. ಮುರು ಮೀನಿಗೆ ಬೆಲೆ ಬಂದಿದೆ. ಹಳೆಯ ಸಮತೋಲ ಜರುಗುತ್ತಿದೆ.

ಮುಳುಗಿ ಎಣಿಸುವವರ ಕಣ್ಣಿಗೂ ಮಿತಿ ಇದೆ. ಹವಳದ ಬಿರುಕುಗಳಲ್ಲಿ ವಾಸಿಸುವ ಗೋಬಿ, ಬ್ಲೆನ್ನಿಯಂಥ ಬೆರಳಿಗಿಂತ ಚಿಕ್ಕ ಮೀನುಗಳು ಸ್ಲೇಟಿಗೆ ಬರುವುದೇ ಇಲ್ಲ. ದಿಬ್ಬದ ಮೇಲೆ ಬೇಟೆಯಾಗಿ ಹೋಗುವ ಮೀನಿನ ತೂಕದಲ್ಲಿ ಸುಮಾರು ಶೇಕಡ 60ರಷ್ಟು ಇವುಗಳದ್ದೇ ಎಂದು 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಈಗ ಬಾಟಲಿ ನೀರು ಸೋಸಿ, ಅದರಲ್ಲಿರುವ ಡಿಎನ್‌ಎ ಓದಿ, ಯಾವ ಮೀನು ಸುಳಿದಾಡಿದೆ ಎಂದು ಹೇಳುವ ವಿಧಾನ ಬಂದಿದೆ. ಅದಕ್ಕೂ ಹೋಲಿಸಿ ನೋಡಲು ಸರಿಯಾಗಿ ಗುರುತಿಸಿದ ಮಾದರಿಗಳು ಬೇಕು. ಬ್ಲೀಕರ್‌ನ ಜಾಡಿಗಳ ಕೆಲಸ ಮುಗಿದಿಲ್ಲ.

ಕರ್ನಾಟಕಕ್ಕೂ ತನ್ನದೇ ಆದ ಒಂದು ಹವಳದ ತಾಣವಿದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ಈ ಬಂಡೆ ದ್ವೀಪದ ಸುತ್ತಲಿನ ಹವಳ ಮತ್ತು ಮೀನುಗಳ ಸಮೀಕ್ಷೆಯನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಆ ಮೇಲೆ ಅಲ್ಲಿ ಸ್ಕೂಬಾ ಪ್ರವಾಸೋದ್ಯಮ ಬೆಳೆದಿದೆ. ಮಳೆಗಾಲ ಮುಗಿದ ಮೇಲೆ ದಿನವೂ ದೋಣಿಗಟ್ಟಲೆ ಜನ ಮುಳುಗಿ, ಮೀನು ನೋಡಿ, ಫೋಟೊ ತೆಗೆದು ಬರುತ್ತಾರೆ.

ಅಮೆರಿಕದಲ್ಲಿ 1993ರಿಂದ, ಆಸ್ಟ್ರೇಲಿಯಾದಲ್ಲಿ 2007ರಿಂದ ಹವ್ಯಾಸಿ ಮುಳುಗುಗಾರರೇ ತರಬೇತಿ ಪಡೆದು ಮೀನು ಎಣಿಸಿ ವಿಜ್ಞಾನಿಗಳಿಗೆ ಒಪ್ಪಿಸುತ್ತಿದ್ದಾರೆ. ನೇತ್ರಾಣಿಯಲ್ಲಿ ಅದನ್ನು ಮಾಡಲು ಬೇಕಾದ ಜನ, ದೋಣಿ, ಉಪಕರಣ ಎಲ್ಲವೂ ಈಗಾಗಲೇ ಇವೆ. ಮುರುಡೇಶ್ವರದ ಡೈವಿಂಗ್ ಮಾರ್ಗದರ್ಶಕರಿಗೆ ಇಪ್ಪತ್ತು ಮೂವತ್ತು ಮೀನುಗಳನ್ನು ಗುರುತಿಸಲು ಕಲಿಸಿ, ದ್ವೀಪದ ಸುತ್ತ ನಾಲ್ಕಾರು ಪಟ್ಟಿಗಳನ್ನು ಕಾಯಂ ಗುರುತು ಮಾಡಿ, ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ ಎಣಿಸಿದರೆ ಸಾಕು. ಲಕ್ಷದ್ವೀಪದಲ್ಲಿ ಆ ಕೆಲಸ ಎರೆಮೀನು ಹಿಡಿಯುವವರ ಕೈಗೇ ಬರಬೇಕು. ದಿನವೂ ಲಗೂನಿಗೆ ಇಳಿಯುವವರು ಅವರೇ. ರಾಜ್ಯದ ಮೀನುಗಾರಿಕೆ ಇಲಾಖೆ, ಅರಣ್ಯ ಇಲಾಖೆ, ಮಂಗಳೂರು ಮತ್ತು ಕಾರವಾರದ ಕಡಲವಿಜ್ಞಾನದ ಅಧ್ಯಾಪಕರು ಒಟ್ಟಿಗೆ ಕೂತು ನೇತ್ರಾಣಿಯ ಎಣಿಕೆಯನ್ನು ಮುಂದಿನ ಡೈವಿಂಗ್ ಋತುವಿನಲ್ಲೇ ಶುರು ಮಾಡಬೇಕು. ಇನ್ನೊಂದು ಬಿಸಿ ವರ್ಷ ಬರುವ ಮೊದಲು ನಮ್ಮ ಕೈಯಲ್ಲಿ ಕನಿಷ್ಠ ಕೆಲವು ವರ್ಷಗಳ ಲೆಕ್ಕವಾದರೂ ಇರಲಿ.